ಎಮ್ಮೆ ಬಿಟ್ಟು ಬೋಟ್ ಹತ್ತೋದು ಅಷ್ಟು ಸುಲಭ ಅಲ್ಲ

ಕೃಷ್ಣೆ, ಘಟಪ್ರಭೆ ಉಕ್ಕಿ ಹರಿದಾಗಲೆಲ್ಲ ಬೆಂಗಳೂರಿನ ನನ್ನ ಸ್ನೇಹಿತರು ಕೇಳುವ ಪ್ರಶ್ನೆ ಒಂದೇ. "ಮೊದಲೇ ಡಂಗುರ ಹೊಡೆಸಿದ್ರಂತಲ್ಲ, ಆದ್ರೂ ಯಾಕೆ ಊರು ಬಿಡಲಿಲ್ಲ? ಇವರ ಹಟಕ್ಕೆ ಸೈನಿಕರು ಯಾಕೆ ಜೀವ ಒತ್ತೆ ಇಡಬೇಕು?"

ಪ್ರಶ್ನೆಯ ಎರಡನೇ ಅರ್ಧ ನ್ಯಾಯವಾದದ್ದೇ. ಮೊದಲ ಅರ್ಧದ ಬಗ್ಗೆ ಸ್ವಲ್ಪ ಮಾತಾಡಬೇಕು.

2019ರ ಆಗಸ್ಟ್ ನೆನಪಿದೆಯಲ್ವಾ? ಆಚೆ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ನಿಲ್ಲಲೇ ಇಲ್ಲ. ಕೊಯ್ನಾ ಡ್ಯಾಂ ನೀರು ಕೃಷ್ಣೆಗೆ ಬಂತು. ಈ ಕಡೆ ಹಿಡಕಲ್ ಡ್ಯಾಂ ತುಂಬಿ ಘಟಪ್ರಭೆ ಗೋಕಾಕಕ್ಕೆ ನುಗ್ಗಿದಳು, ಲೋಳಸೂರ ಸೇತುವೆ ಕಾಣದಂತಾಯಿತು. ಬಹುಪಾಲು ವರ್ಷ ತುಂಬದೇ ಉಳಿಯುತ್ತಿದ್ದ ನವಿಲುತೀರ್ಥ ಡ್ಯಾಂ ಆ ಸಲ ತುಂಬಿ, ಮಲಪ್ರಭೆ ಮುನವಳ್ಳಿ, ರಾಮದುರ್ಗ, ಕೊಣ್ಣೂರು ಎಲ್ಲ ಸುತ್ತಿಕೊಂಡು ಪಟ್ಟದಕಲ್ಲಿನ ಗುಡಿಗಳ ಒಳಗೂ ಹೊಕ್ಕಳು. ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ಸ್‌ಗೂ ಜಾಸ್ತಿ ನೀರು ಬಿಟ್ಟರು.

ನಮ್ಮ ಕಡೆಯ ಜನಕ್ಕೆ ನೀರು ಬರೋದು ಗೊತ್ತಿರೋದಿಲ್ಲ ಅಂದುಕೊಳ್ಳಬೇಡಿ. ಚಿಕ್ಕೋಡಿ ಕಡೆ ಹೋದರೆ ಚಹಾದಂಗಡಿಯಲ್ಲಿ ಕೂತವರೂ "ರಾಜಾಪುರ ಬ್ಯಾರೇಜಿಂದ ಎಷ್ಟ್ ಬಿಟ್ಟಾರ?" ಅಂತಾನೇ ಮಾತು ಶುರು ಮಾಡುತ್ತಾರೆ; ಕೃಷ್ಣೆ ಮೇಲೆ ಮಹಾರಾಷ್ಟ್ರದ ಬ್ಯಾರೇಜ್ ಅದು. ಕಲ್ಲೋಳ-ಯಡೂರ ಸೇತುವೆ ಮುಳುಗೋದು ಅವರಿಗೆ ಸುದ್ದಿಯೇ ಅಲ್ಲ. ಪ್ರತಿ ಊರಿಗೂ ತನ್ನದೇ ಒಂದು ಗುರುತು ಇರುತ್ತದೆ. 2005ರಲ್ಲಿ ನೀರು ಹನುಮಪ್ಪನ ಗುಡಿ ಕಟ್ಟೆ ಮುಟ್ಟಿ ವಾಪಸ್ ಹೋಗಿತ್ತು, ಅದಕ್ಕಿಂತ ಮ್ಯಾಲೆ ಬರೂದಿಲ್ಲ ಅನ್ನೋ ಲೆಕ್ಕ. ತಲೆಮಾರುಗಳಿಂದ ನದಿ ನೋಡಿದವರ ಲೆಕ್ಕ ಅದು, ಸುಮ್ನೆ ಹಟ ಅಲ್ಲ. 2019ರಲ್ಲಿ ಆ ಲೆಕ್ಕ ಎಷ್ಟೋ ಊರುಗಳಲ್ಲಿ ತಲೆಕೆಳಗಾಯಿತು, ಅದೂ ರಾತ್ರೋರಾತ್ರಿ.

ಎರಡನೇ ಕಾರಣ ಕೊಟ್ಟಿಗೆಯಲ್ಲಿ ಕಟ್ಟಿರುತ್ತದೆ.

ಘಟಪ್ರಭೆ ದಂಡೆಯಲ್ಲಿ ನಮ್ಮ ಚಿಕ್ಕಪ್ಪನ ಊರು. ಅಲ್ಲಿಗೆ ಸೈನಿಕರ ಬೋಟ್ ಬಂದಾಗ ಚಿಕ್ಕಪ್ಪನ ಮಗ ದಾರಿ ತೋರಿಸೋಕೆ ಹತ್ತಿದ. ಆಗ ಆದದ್ದನ್ನು ಅವನ ಬಾಯಿಂದ ಎಷ್ಟು ಸಲ ಕೇಳಿದ್ದೀನೋ. ಊರಿಗೂ ತೋಟದ ಮನೆಗಳಿಗೂ ನಡುವೆ ಇರೋದು ಬರೀ ಕಬ್ಬು. ಕಬ್ಬಿನ ಗದ್ದೆ ಮೇಲೆ ಮೋಟರ್ ಬೋಟ್ ಓಡಿಸೋಕೆ ಆಗೋದಿಲ್ಲ. ಗರಿ ಹೋಗಿ ಫ್ಯಾನಿಗೆ ಸುತ್ತಿಕೊಳ್ಳುತ್ತೆ, ಮೋಟರ್ ಗಕ್ಕನೆ ನಿಲ್ಲುತ್ತೆ. ಕೆಳಗೆ ಮುಳ್ಳುತಂತಿ ಬೇಲಿ ಇದ್ದರೆ ರಬ್ಬರ್ ಬೋಟ್ ಕಥೆ ಮುಗೀತು. ಬಾವಿ ಎಲ್ಲಿದೆ, ಪಂಪ್‌ಸೆಟ್ ವೈರ್ ಎಲ್ಲಿ ಇಳಿಬಿದ್ದಿದೆ, ಇದು ಯಾವ ನಕ್ಷೆಯಲ್ಲೂ ಇರೋದಿಲ್ಲ. ಇವನು ಮುಂದೆ ಕೂತು, ಕಬ್ಬಿನ ಸುಳಿಗಳ ನಡುವೆ ಗೆರೆ ಎಳೆದ ಹಾಗೆ ಖಾಲಿ ಕಾಣುತ್ತಿದ್ದ ಜಾಗದ ಕಡೆಗೆ ಕೈ ಮಾಡುತ್ತಿದ್ದನಂತೆ. ಅದು ಚಕ್ಕಡಿ ದಾರಿ. ಆ ದಾರಿ ಹಿಡಿದು, ಮೋಟರ್ ಎತ್ತಿ, ಹುಟ್ಟು ಹಾಕಿಕೊಂಡು ಹೋದರು.

ಒಂದು ತೋಟದ ಮನೆಯ ಮಾಳಿಗೆ ಮೇಲೆ ಒಬ್ಬ ಆಯಿ ಕೂತಿದ್ದಳು. ಕೆಳಗೆ ಕೊಟ್ಟಿಗೆಯಲ್ಲಿ ಎಮ್ಮೆ, ಹೊಟ್ಟೆ ಮುಟ್ಟುವಷ್ಟು ನೀರು. ಹವಾಲ್ದಾರರು ಹಿಂದಿಯಲ್ಲಿ ಕರೆದರು, ಕೈ ಮುಗಿದರು. ಆಯಿ ಅಲುಗಾಡಲಿಲ್ಲ.

"ಆಯಿ, ಹತ್ತಬೇ. ನೀರು ಏರಾಕತ್ತೈತಿ."

"ಎಮ್ಮಿ ಕಟ್ಟಿಹಾಕಿ ನಾ ಹ್ಯಾಂಗ ಬರಲೊ ತಮ್ಮಾ? ನೀವು ಹೋಗ್ರಿ."

ಇವನು ಅದನ್ನು ಹಿಂದಿಯಲ್ಲಿ ಹೇಳಿದ. ಹವಾಲ್ದಾರರು ಒಂದು ಕ್ಷಣ ನೋಡಿ, ಏನೂ ಮಾತಾಡದೆ ನೀರಿಗೆ ಇಳಿದರು. ನೆನೆದ ಹಗ್ಗದ ಗಂಟು ಬಿಚ್ಚೋಕೆ ಬರಲಿಲ್ಲ. ಸೊಂಟದ ಚಾಕು ತೆಗೆದು ಕೊಯ್ದರು, ಎಮ್ಮೆಯ ಬೆನ್ನಿಗೆ ಒಂದು ಏಟು ಹಾಕಿದರು. ಎಮ್ಮೆಗೆ ಈಜು ಯಾರೂ ಕಲಿಸಬೇಕಾಗಿಲ್ಲ. ಮೂಗು ಮೇಲೆ ಮಾಡಿಕೊಂಡು ದಿಬ್ಬದ ಕಡೆ ಹೊರಟಿತು. ಅದು ದಿಬ್ಬ ಹತ್ತೋ ತನಕ ಆಯಿ ಕಣ್ಣು ಕೀಳಲಿಲ್ಲ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹೂಂ, ನಡೀರಿ ಇನ್ನ" ಅಂತ ತಾನೇ ಬೋಟ್ ಹತ್ತಿದಳು. (ಎಮ್ಮೆ ಆಮೇಲೆ ಪಕ್ಕದೂರಲ್ಲಿ ಸಿಕ್ಕಿತು. ಬಿಡಿಸಿಕೊಂಡು ಬರೋಕೆ ಜಗಳ ಆಡಬೇಕಾಯಿತಂತೆ.)

ಆ ಹವಾಲ್ದಾರರಿಗೆ ಕೊಟ್ಟಿಗೆಗೆ ಇಳಿ ಅಂತ ಯಾರೂ ಆರ್ಡರ್ ಕೊಟ್ಟಿರಲಿಲ್ಲ. ಬಹುಶಃ ಅವರೂ ಯಾವುದೋ ಹಳ್ಳಿಯಲ್ಲಿ ದನ ಕಟ್ಟಿ ಬೆಳೆದವರೇ. ಜನರ ಜೀವ ಮೊದಲು ಅನ್ನೋದು ಸರಿ. ಆದರೆ ಇಲ್ಲಿ ಆಯಿ ಜೀವ ಉಳಿಯಬೇಕಾದರೆ ಎಮ್ಮೆ ಹಗ್ಗ ಕೊಯ್ಯಲೇಬೇಕಿತ್ತು. ಬಲವಂತವಾಗಿ ಎತ್ತಿಕೊಂಡು ಬಂದಿದ್ದರೆ ಅವಳು ಬೋಟ್‌ನಲ್ಲೇ ಎದ್ದು ನಿಂತು ಎಲ್ಲರನ್ನೂ ಮುಳುಗಿಸುತ್ತಿದ್ದಳು ಅಂತ ಚಿಕ್ಕಪ್ಪನ ಮಗ ಈಗಲೂ ನಗುತ್ತಾನೆ.

ಲೆಕ್ಕ ಹಾಕಿ ನೋಡಿ. ಆಗಿನ ಸರ್ಕಾರಿ ನಿಯಮದ ಪ್ರಕಾರ ಹಾಲು ಕೊಡುವ ಒಂದು ಎಮ್ಮೆ ಸತ್ತರೆ ಪರಿಹಾರ 30,000 ರೂಪಾಯಿ. 2022ರಲ್ಲಿ ಅದು 37,500 ಆಯಿತು. ಆ ದುಡ್ಡಿಗೆ ಒಳ್ಳೆ ಎಮ್ಮೆ ಯಾವ ಸಂತೆಯಲ್ಲಿ ಸಿಗುತ್ತೆ ಹೇಳಿ? ಅದೂ ಪಶು ವೈದ್ಯರ ಕಾಗದ ಬೇಕು. ನೀರಲ್ಲಿ ಕೊಚ್ಚಿಹೋದ ಎಮ್ಮೆಯ ಹೆಣ ಎಲ್ಲಿಂದ ತರಬೇಕು? ವಾರಕ್ಕೊಮ್ಮೆ ಡೇರಿಯಿಂದ ಬರುವ ಹಾಲಿನ ದುಡ್ಡಲ್ಲೇ ಸಂಸಾರ ನಡೆಸುವವಳಿಗೆ ಅದು ಪ್ರಾಣಿ ಮಾತ್ರ ಅಲ್ಲ, ಬ್ಯಾಂಕ್ ಖಾತೆ.

ಇನ್ನು ಕಾಳಜಿ ಕೇಂದ್ರ, ಅಂದರೆ ಊರು ಬಿಟ್ಟು ಬಂದವರನ್ನು ಇರಿಸುವ ಜಾಗ. ಅದು ಸಾಮಾನ್ಯವಾಗಿ ಒಂದು ಶಾಲೆ. ಜನಕ್ಕೆ ಅನ್ನ ಸಾರು ಸಿಗುತ್ತೆ, ಹೊದಿಕೆ ಸಿಗುತ್ತೆ. ದನ ಎಲ್ಲಿ ಕಟ್ಟಬೇಕು? ಮೇವು ಯಾರು ಕೊಡ್ತಾರೆ? ಮೇವಿನ ಲಾರಿ ಬರೋದು ನೀರು ಇಳಿಯೋ ಹೊತ್ತಿಗೆ. ಹಾಗಾಗಿ ಹೆಂಗಸರು ಮಕ್ಕಳು ಮೊದಲು ಹೋಗ್ತಾರೆ, ಗಂಡಸರು ದನದ ಜೊತೆ ಉಳಿಯುತ್ತಾರೆ. ಮರುದಿನ ಬೋಟು, ಹೆಲಿಕಾಪ್ಟರು ಹೋಗಬೇಕಾಗಿ ಬರೋದು ಈ ಉಳಿದವರಿಗಾಗಿ. ಟಿವಿಯಲ್ಲಿ "ಊರು ಬಿಡಲು ಒಪ್ಪದ ಗ್ರಾಮಸ್ಥರು" ಅಂತ ಬರುವುದು ಇವರ ಸುದ್ದಿಯೇ.

ಅಂಥ ಒಂದೊಂದು ಟ್ರಿಪ್ಪೂ ಎಷ್ಟು ಅಪಾಯದ್ದು ಅನ್ನೋದಕ್ಕೆ ಅದೇ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯಲ್ಲಿ ಆದದ್ದು ಸಾಕ್ಷಿ. ತುಂಗಭದ್ರೆ ಸುತ್ತುವರಿದು ಪ್ರವಾಸಿಗರು ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಕರೆತರೋಕೆ ಹೋದ ಬೋಟ್ ಮಗುಚಿ, ರಕ್ಷಣೆಗೆ ಹೋದವರೇ ಕೊಚ್ಚಿಹೋದರು. ಪುಣ್ಯಕ್ಕೆ ಎಲ್ಲರೂ ಬದುಕಿದರು. ತರಬೇತಿ ಇದ್ದವರ ಗತಿಯೇ ಹೀಗೆ. ಅವರನ್ನು ಸುಮ್ನೆ ಹೊಳೆಗೆ ಇಳಿಸುವ ಹಕ್ಕು ನಮಗೂ ಇಲ್ಲ, ಸರ್ಕಾರಕ್ಕೂ ಇಲ್ಲ. ಸ್ನೇಹಿತರ ಪ್ರಶ್ನೆಯ ಎರಡನೇ ಅರ್ಧ ಸರಿ ಅಂದಿದ್ದು ಇದಕ್ಕೇ.

ಎನ್‌ಡಿಆರ್‌ಎಫ್, ಅಂದರೆ ಕೇಂದ್ರದ ವಿಪತ್ತು ರಕ್ಷಣಾ ಪಡೆ, ಶುರುವಾದದ್ದು 2006ರಲ್ಲಿ. ನಮ್ಮ ರಾಜ್ಯಕ್ಕೆ ಬರುವವರು ಹೆಚ್ಚಾಗಿ ಆಂಧ್ರದಲ್ಲಿ ನೆಲೆ ಇರುವ 10ನೇ ಬೆಟಾಲಿಯನ್‌ನವರು. ಸೈನ್ಯದ್ದು ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿ ಇದೆ, ಬೆಂಗಳೂರಿನಲ್ಲಿ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಇದೆ. ಎಲ್ಲರೂ ಗಟ್ಟಿಗರು, ಮಾತೇ ಇಲ್ಲ. ಆದರೆ ನೀರಿನ ಕೆಳಗಿರುವ ಊರು ಅವರಿಗೆ ಹೇಗೆ ಗೊತ್ತಾಗಬೇಕು? ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಹುಡುಗನ ವಿಡಿಯೋ ನೀವೂ ನೋಡಿರುತ್ತೀರಿ. ಸೇತುವೆ ಮೇಲೆ ನೀರು ಹರಿಯುತ್ತಿತ್ತು, ಆಂಬುಲೆನ್ಸ್‌ಗೆ ಸೇತುವೆ ಎಲ್ಲಿ, ಹೊಳೆ ಎಲ್ಲಿ ತಿಳಿಯುತ್ತಿರಲಿಲ್ಲ. ಆ ಹುಡುಗ ಬೀಳುತ್ತಾ ಏಳುತ್ತಾ ಮುಂದೆ ಓಡಿ ದಾರಿ ತೋರಿಸಿದ. ಆಮೇಲೆ ಶೌರ್ಯ ಪ್ರಶಸ್ತಿ ಬಂತು. ಸಂತೋಷ. ಆದರೆ ನನಗೆ ಆ ವಿಡಿಯೋ ನೋಡಿದಾಗಲೆಲ್ಲ ಹೊಟ್ಟೆ ತೊಳಸುತ್ತದೆ. ದಾರಿ ಗೊತ್ತಿದ್ದ ದೊಡ್ಡವರು ಅಷ್ಟು ಜನ ಇರುವಾಗ ಆ ಕೆಲಸ 12 ವರ್ಷದ ಮಗುವಿಗೆ ಯಾಕೆ ಬಂತು?

2018ರಲ್ಲಿ ಕೇರಳದವರು ಮೀನುಗಾರರನ್ನು ದೋಣಿ ಸಮೇತ ಲಾರಿ ಮೇಲೆ ಕರೆಸಿಕೊಂಡರು. ನೌಕಾಪಡೆ, ಸೈನ್ಯ ಮಾಡಿದಷ್ಟೇ ದೊಡ್ಡ ಕೆಲಸ ಅವರೂ ಮಾಡಿದರು. ನಮ್ಮಲ್ಲಿ ಹೊಳೆ ದಂಡೆ ಊರುಗಳಲ್ಲಿ ತೆಪ್ಪ ಹಾಕುವ ಅಂಬಿಗರಿದ್ದಾರೆ, ಈಜು ಬಲ್ಲ ಹುಡುಗರಿದ್ದಾರೆ. ಅವರಿಗೆ ಒಂದು ಲೈಫ್ ಜಾಕೆಟ್, ಒಂದು ವಿಮೆ, ಕೆಲಸ ಮಾಡಿದ ದಿನಕ್ಕೆ ಕೂಲಿ ಕೊಟ್ಟರೆ ಯಾರಪ್ಪನ ಗಂಟು ಹೋಗುತ್ತೆ? ಕೇಂದ್ರದ್ದು ಆಪದ ಮಿತ್ರ ಅಂತ ಯೋಜನೆಯೇ ಇದೆ, ಊರಿನವರಿಗೆ ತರಬೇತಿ ಕೊಡೋಕೆ. ನಿಮ್ಮ ಊರಲ್ಲಿ ಯಾರಿಗಾದ್ರೂ ಆಗಿದೆಯಾ, ಒಮ್ಮೆ ಕೇಳಿ ನೋಡಿ.

ಚಿಕ್ಕಪ್ಪನ ಊರಲ್ಲಿ ಹುಡುಗರೇ ಈಗ ಒಂದು ಪಟ್ಟಿ ಮಾಡಿದ್ದಾರೆ. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರು ಬಸುರಿ, ಯಾವ ತೋಟದಲ್ಲಿ ಎಷ್ಟು ದನ, ಎಲ್ಲಿ ಬಾವಿ, ಎಲ್ಲಿ ತಂತಿ ಬೇಲಿ. ಮಿಲ್ಟ್ರಿಯವರು ಬಂದರೆ ಮೊದಲು ಅದನ್ನೇ ಕೈಗೆ ಕೊಡೋದು, ಬೋಟಿಗೊಬ್ಬ ಊರಿನವ ಹತ್ತೋದು ಅಂತ ಮಾತಾಗಿದೆ. ದನಕ್ಕೆ ಜಾಗ ಮಾತ್ರ ಇನ್ನೂ ಆಗಿಲ್ಲ. ದಿಬ್ಬದ ಮೇಲೆ ಸರ್ಕಾರಿ ಜಾಗ ಖಾಲಿ ಬಿದ್ದಿದೆ. ಮಳೆಗಾಲದ ಎರಡು ತಿಂಗಳು ಅಲ್ಲಿ ತಗಡು ಹಾಕಿ ಮೇವು ಇಟ್ಟುಕೊಳ್ಳೋಕೆ ಬಿಡಿ ಅಂತ ಅರ್ಜಿ ಕೊಟ್ಟಿದ್ದಾರೆ. "ನೋಡೂಣು" ಅನ್ನೋ ಉತ್ತರ ಬಂದಿದೆ. ಈ ಸಲ ಗ್ರಾಮಸಭೆಗೆ ಆಯಿಯನ್ನೇ ಮುಂದೆ ಕೂರಿಸ್ತೀವಿ ಅಂತ ಹುಡುಗರು ಹೇಳ್ತಿದ್ದಾರೆ.