ಕಾರಿಡಾರಿನಲ್ಲಿ ನಿಂತು ಹೇಳೋ ಮಾತಾ ಅದು?

“ಇದು ತಾಯಿ ಕಡೆಯಿಂದ ಬರೋ ಕಾಯಿಲೆ ಕಣಮ್ಮ.”

ಅಷ್ಟೇ. ಡಾಕ್ಟರು ಫೈಲು ಮುಚ್ಚಿ ಕೈಗಿಟ್ಟು ಮುಂದಿನ ಟೋಕನ್ ಕೂಗಿದ್ರು. ಬಾಗಿಲ ಬುಡದಲ್ಲಿ, ಜನ ತುಂಬಿದ ಕಾರಿಡಾರಿನಲ್ಲಿ, ಅತ್ತೆ ಪಕ್ಕದಲ್ಲೇ ನಿಂತಿರುವಾಗ! ಅತ್ತೆ ತಡಮಾಡಲಿಲ್ಲ. “ನಾನು ಅವತ್ತೇ ಅಂದಿದ್ದೆ, ನಮ್ಮ ವಂಶದಲ್ಲಿ ಯಾರಿಗೂ ಹಿಂಗಿಲ್ಲ ಅಂತ.” ಗಂಡ ತಲೆ ಬಗ್ಗಿಸಿ ಚಪ್ಪಲಿ ನೋಡ್ತಾ ನಿಂತ. ಆರು ವರ್ಷದ ಹುಡುಗ ನೆಲದಿಂದ ಏಳ್ತಾ ಇದ್ದ. ಮೊದಲು ಅಂಬೆಗಾಲು, ಆಮೇಲೆ ಕೈಯನ್ನ ಮೊಣಕಾಲಿಗೆ ಊರಿ, ತೊಡೆಗೆ ಊರಿ, ತನ್ನ ಮೈಯನ್ನ ತಾನೇ ಹತ್ತಿದ ಹಾಗೆ ಮೇಲೆ ಬಂದ. ಆ ತಾಯಿ ಒಂದು ಮಾತೂ ಆಡಲಿಲ್ಲ. ಸೆರಗಿನಲ್ಲಿ ಫೈಲು ಮುಚ್ಚಿಕೊಂಡು, ಮಗನನ್ನ ಎತ್ತಿಕೊಂಡು ಹೊರಟುಬಿಟ್ಟಳು. ಕದ್ದ ವಸ್ತು ಮುಚ್ಚಿಕೊಳ್ಳೋ ಹಾಗೆ ಮುಚ್ಚಿಕೊಂಡಳು ಆ ಫೈಲನ್ನ.

ಆ “ಕಣಮ್ಮ” ಅನ್ನೋದು ಇನ್ನೂ ತಲೆಯಿಂದ ಹೋಗ್ತಾ ಇಲ್ಲ.

ಅವರು ಹೇಳಿದ ಕಾಯಿಲೆ ಡುಶೆನ್ ಸ್ನಾಯು ಕ್ಷಯ, ಮೈಯ ಸ್ನಾಯುಗಳು ವರ್ಷ ವರ್ಷಕ್ಕೂ ಸೋಲ್ತಾ ಹೋಗೋದು. ಅದರಲ್ಲಿ ಕೆಟ್ಟಿರೋದು ಡಿಸ್ಟ್ರೋಫಿನ್ ಜೀನು. ಅದಿರೋದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಗುವಿಗೆ ಎಕ್ಸ್ ಬರೋದು ತಾಯಿಯಿಂದಲೇ, ನಿಜ. ಆದರೆ ಸುಮಾರು ಮೂರರಲ್ಲಿ ಒಂದು ಮಗುವಿನಲ್ಲಿ ಆ ದೋಷ ಹೊಸದಾಗಿ ಹುಟ್ಟಿಕೊಂಡಿರುತ್ತೆ, ತಾಯಿ ವಾಹಕಿಯೇ, ಅಂದರೆ ಆ ದೋಷ ಹೊತ್ತವಳೇ, ಆಗಿರಲ್ಲ. ಆಕೆ ವಾಹಕಿಯೋ ಅಲ್ಲವೋ ಅಂತ ಯಾರೂ ನೋಡಿಲ್ಲ. ಮಗುವಿನ ಜೀನ್ ಟೆಸ್ಟೇ ಆಗಿಲ್ಲ! ಫೈಲಿನಲ್ಲಿ ಇರೋದು ಸಿಪಿಕೆ (ಸ್ನಾಯು ಹಾಳಾದಾಗ ರಕ್ತದಲ್ಲಿ ಏರೋ ಎನ್‌ಜೈಮು) 14,200 ಅನ್ನೋ ಒಂದು ಚೀಟಿ. ಅದರ ಮೇಲೆ ಆಕೆಗೆ ಶಿಕ್ಷೆ ಬರೆದು ಕಳಿಸಿದ್ರು. ವಾಹಕಿ ಅಂತಲೇ ಆಗಲಿ, ಅದು ಅವಳು ಮಾಡಿದ ತಪ್ಪಾ? ಅತ್ತೆಗೂ ಗಂಡನಿಗೂ ಕೇಳೋ ಹಾಗೆ ಆ ಒಂದು ವಾಕ್ಯ ಸೇರಿಸೋಕೆ ಎಷ್ಟು ಹೊತ್ತು ಬೇಕಿತ್ತು?

ಇದೇ ಫೈಲಿನಲ್ಲಿ ಎರಡು ವರ್ಷದ ಎಸ್‌ಜಿಒಟಿ, ಎಸ್‌ಜಿಪಿಟಿ ರಿಪೋರ್ಟುಗಳಿವೆ. ಎರಡೂ ಜಾಸ್ತಿ. ಲಿವರ್ ಸರಿ ಇಲ್ಲ ಅಂತ ಟಾನಿಕ್ ಮೇಲೆ ಟಾನಿಕ್ ಕುಡಿಸಿದ್ದಾರೆ. ಆ ಎರಡೂ ಎನ್‌ಜೈಮು ಸ್ನಾಯುವಿನಲ್ಲೂ ಇರ್ತವೆ ಸ್ವಾಮಿ. ಸ್ನಾಯುವಿನಿಂದ ಏರದ ಲಿವರ್ ಎನ್‌ಜೈಮು ಜಿಜಿಟಿ ನಾರ್ಮಲ್ ಇದ್ದು ಇವೆರಡೇ ಏರಿದ್ದರೆ, ಓಡೋವಾಗ ಬೀಳೋ ಹುಡುಗನಿಗೆ ಒಂದು ಸಿಪಿಕೆ ಬರೆದುಬಿಡಿ. ಎರಡು ವರ್ಷದ ಹಿಂದೆ ಬರೆದಿದ್ದರೆ ಇವತ್ತು ಈ ಗಡಿಬಿಡಿ ಇರ್ತಿರಲಿಲ್ಲ.

ಹೋಗಲಿ, ಡಾಕ್ಟರನ್ನ ಬೈದು ಏನು ಪ್ರಯೋಜನ. ಹೊರಗಡೆ ನೂರು ಜನ ಕೂತಿದ್ದಾರೆ, ಒಬ್ಬೊಬ್ಬರಿಗೆ ಮೂರು ನಿಮಿಷ. ಇಂಥ ಕಾಯಿಲೆ ಬಗ್ಗೆ ಕೂರಿಸಿ ಬಿಡಿಸಿ ಹೇಳೋ ಜೆನೆಟಿಕ್ ಕೌನ್ಸೆಲರ್ ಅನ್ನೋ ಹುದ್ದೆ ಅಲ್ಲಿ ಇಲ್ಲವೇ ಇಲ್ಲ. ಅವರಾದರೂ ಏನು ಮಾಡ್ತಾರೆ.

ಇಲ್ಲ, ಹೋಗಲಿ ಅಂತ ಬಿಡೋಕಾಗಲ್ಲ. ಇಪ್ಪತ್ತು ನಿಮಿಷ ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು “ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೇ ಬನ್ನಿ” ಅನ್ನಬಹುದಿತ್ತಲ್ಲ. ಒಂದು ಖಾಲಿ ರೂಮು, ಮೂರು ಕುರ್ಚಿ, ಒಂದು ಹಾಳೆ. ಎಕ್ಸ್, ವೈ ಬರೆದು ತೋರಿಸಿ. ವಾಹಕಿ ಆಗಿದ್ದರೆ ಪ್ರತಿ ಬಸಿರಿನಲ್ಲೂ ಗಂಡುಮಗುವಿಗೆ ಕಾಯಿಲೆ ಬರೋ ಸಂಭವ ಅರ್ಧ, ಹೆಣ್ಣುಮಗು ವಾಹಕಿ ಆಗೋ ಸಂಭವ ಅರ್ಧ. ಒಂದು ಮಗುವಿಗೆ ಬಂತು, ಇನ್ನು ಮುಂದಿನದಕ್ಕೆ ಬರಲ್ಲ ಅಂತ ಎಷ್ಟೋ ಮನೆಯವರು ತಿಳಿದಿರ್ತಾರೆ, ಅದನ್ನ ಅಲ್ಲೇ ಬಿಡಿಸಿ ಹೇಳಬೇಕು. ತಾಯಿಯ ರಕ್ತದಲ್ಲಿ ದೋಷ ಕಾಣದಿದ್ದರೂ ಕೆಲವರಲ್ಲಿ ಅಂಡಾಣುಗಳಲ್ಲಿ ಇರಬಹುದು, ಹಾಗಾಗಿ ಮುಂದಿನ ಬಸಿರಿನಲ್ಲಿ ಪರೀಕ್ಷೆ ಬಿಡೋ ಹಾಗಿಲ್ಲ. ವಾಹಕಿ ಅಂತಾದರೆ ಆಕೆಯ ಹೃದಯಕ್ಕೂ ಎಕೋ ಮಾಡಿಸಬೇಕು. ತಾಯಿ ಕಡೆಯಿಂದ ಅಂತ ಬೆರಳು ತೋರಿಸಿದವರು ಆ ತಾಯಿಯ ಹೃದಯದ ಬಗ್ಗೆ ಕೇಳಿದ್ರಾ?

ಟೆಸ್ಟೂ ಅಷ್ಟೇ. ಮೊದಲು ಮಗುವಿನದು, ಆಮೇಲೆ ತಾಯಿಯದು, ಉಲ್ಟಾ ಅಲ್ಲ. ಯಾವ ದೋಷ ಅಂತ ಮಗುವಿನಲ್ಲಿ ಗೊತ್ತಾಗದೆ ತಾಯಿಯಲ್ಲಿ ಏನನ್ನ ಹುಡುಕ್ತೀರಿ? ಎರಡು ಮೂರು ಎಂಎಲ್ ರಕ್ತ, ನೇರಳೆ ಮುಚ್ಚಳದ ಟ್ಯೂಬು. ಎಂಎಲ್‌ಪಿಎ ಅನ್ನೋ ಟೆಸ್ಟು ಮಾಡಿದರೆ ಆ ಜೀನಿನ ತುಂಡುಗಳಾದ 79 ಎಕ್ಸಾನ್‌ಗಳಲ್ಲಿ ಯಾವುದು ಬಿಟ್ಟುಹೋಗಿದೆ, ಯಾವುದು ಎರಡು ಸಲ ಬಂದಿದೆ ಅಂತ ಗೊತ್ತಾಗುತ್ತೆ. ಅದು ನಾರ್ಮಲ್ ಬಂದರೆ ಕಾಯಿಲೆ ಇಲ್ಲ ಅಂತಲ್ಲ, ಜೀನನ್ನ ಅಕ್ಷರ ಅಕ್ಷರವಾಗಿ ಓದೋ ಸೀಕ್ವೆನ್ಸಿಂಗ್ ಮಾಡಿಸಬೇಕು ಅಂತ. “ನಾರ್ಮಲ್” ಅನ್ನೋ ಪದ ನೋಡಿ ದೇವರಿಗೆ ಕಾಯಿ ಒಡೆಸಿ, ವರ್ಷ ಕಳೆದ ಮೇಲೆ ಮತ್ತೆ ಬರೋ ಮನೆಗಳಿವೆ. ಯಾರೂ ಕೂರಿಸಿ ಓದಿ ಹೇಳಿರಲ್ಲ.

ಅದೇ ತಾಲ್ಲೂಕಿನಲ್ಲಿ ಇದೇ ಕಾಯಿಲೆಯ ಇನ್ನೊಬ್ಬ ತಾಯಿ ಇದ್ದಾರೆ. ಮಗನಿಗೆ ಹನ್ನೊಂದು ವರ್ಷ. ಈ ಕಾಯಿಲೆಗೆ ಕೊಡೋ ಸ್ಟೀರಾಯ್ಡ್ ಶುರು ಮಾಡೋ ಮುಂಚೆ ಯಾವ ಲಸಿಕೆ ಮುಗಿಸಬೇಕು, ಮುಖ ಊದಿತು ಅಂತ ಅದನ್ನ ಥಟ್ಟನೆ ಯಾಕೆ ನಿಲ್ಲಿಸಬಾರದು, ಹಿಮ್ಮಡಿ ಹೇಗೆ ಎಳೆದು ಹಿಡೀಬೇಕು, ಅರಿವಳಿಕೆ ಕೊಡೋರಿಗೆ ಏನನ್ನ ಮೊದಲೇ ಹೇಳಬೇಕು, ಅಂಗವಿಕಲ ಕಾರ್ಡು ಹೇಗೆ, ಎಲ್ಲಾ ಅವರಿಗೆ ಬಾಯಿಪಾಠ. ಇಬ್ಬರನ್ನೂ ಕೇಳಿ, ಒಪ್ಪಿದರೆ ಒಂದು ನಂಬರ್ ಕೊಡೋದು. ಅದಕ್ಕೆ ಯಾವ ಬಜೆಟ್ಟೂ ಬೇಡ.

ಈಗ ಹೇಳಿ, ಯಾರಾದರೂ ಹೇಳಿ. ಕಾರಿಡಾರಿನಲ್ಲಿ ನಿಂತಿದ್ದ ಆ ತಾಯಿಗೆ ಒಬ್ಬ ತಂಗಿ ಇದ್ದಾಳೆ. ಹದಿಮೂರು ವಾರದ ಬಸುರಿ. ಅವಳೂ ವಾಹಕಿ ಆಗಿರಬಹುದು. ಅವಳಿಗೆ ಈ ಸುದ್ದಿ ಮುಟ್ಟಿಸಬೇಕಾದವರು ಯಾರು? ಡಾಕ್ಟರಾ? ಆಶಾ ಕಾರ್ಯಕರ್ತೆಯಾ? ಕಾರಿಡಾರಿನಲ್ಲಿ ಬೈಸಿಕೊಂಡು, ತೌರಿಗೆ ಇದನ್ನ ಹೇಳಿದರೆ ತಂಗಿಯ ಸಂಸಾರವೂ ಕೆಡುತ್ತೆ ಅಂತ ಬಾಯಿ ಕಟ್ಟಿಕೊಂಡಿರೋ ಅಕ್ಕನಾ? “ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಅನ್ನೋ ಟೆಸ್ಟು, ಕೇಸಾಗುತ್ತೆ” ಅಂತ ಹೆದರಿಸೋರೂ ಇದ್ದಾರೆ. ಲಿಂಗ ಪತ್ತೆ ತಡೆಯೋ 1994ರ ಕಾಯ್ದೆಯಲ್ಲೇ ಇಂಥ ಕಾಯಿಲೆಗೆ ನೋಂದಾಯಿತ ಕೇಂದ್ರದಲ್ಲಿ ಪರೀಕ್ಷೆಗೆ ಅವಕಾಶ ಇದೆ.

ಲೆಕ್ಕ ಹಾಕಿ. ಮಗುವಿನ ರಿಪೋರ್ಟಿಗೆ ಕೆಲವು ವಾರ. ಆಮೇಲೆ ತಂಗಿಯ ರಕ್ತ, ಅದಕ್ಕೆ ಮತ್ತಷ್ಟು ದಿನ. ಹದಿನಾರು ವಾರ ತುಂಬಿದ ಮೇಲೆ ಗರ್ಭದ ನೀರು ತೆಗೆಯೋದು, ಅದರ ರಿಪೋರ್ಟು. ಗರ್ಭಪಾತದ ಕಾಯ್ದೆ ಇಪ್ಪತ್ತನಾಲ್ಕು ವಾರ ಅನ್ನುತ್ತೆ, ಅದು ದಾಟಿದರೆ ಮೆಡಿಕಲ್ ಬೋರ್ಡು ಅಂತ ಅಲೆಯಬೇಕು. ಉಳಿಸಿಕೊಳ್ಳೋದೋ ಬೇಡವೋ, ಅದು ಅವಳ ಇಷ್ಟ. ಆದರೆ ಗೊತ್ತಿದ್ದರೆ ತಾನೆ ಇಷ್ಟಾನಿಷ್ಟ?

ಇವತ್ತು ಶನಿವಾರ. ಆ ಹುಡುಗನ ರಕ್ತ ಇನ್ನೂ ಲ್ಯಾಬಿಗೆ ಹೋಗಿಲ್ಲ.