ಮೊದಲು ಕೆಂಪು, ಆಮೇಲೆ ಬಿಳಿ

ಹೋದ ತಿಂಗಳು ಎಂಟು ವರ್ಷದ ಒಬ್ಬ ಹುಡುಗಿ ನನ್ನ ಮಾನ ಕಳೆದಳು.

ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಫಾಕ್ಸ್‌ಟನ್ ಲಾಕ್ಸ್ ಅಂತ ಒಂದು ಜಾಗ ಇದೆ. ಹಳೇ ದೋಣಿ ಕಾಲುವೆ. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲ ಹಾಗೆ ಹತ್ತು ನೀರಿನ ತೊಟ್ಟಿ ಕಟ್ಟಿದ್ದಾರೆ, ಐದೈದರ ಎರಡು ಸಾಲು. ಇಂಥ ತೊಟ್ಟಿಗೇ ಲಾಕ್ ಅನ್ನುವುದು. ದೋಣಿ ಒಂದು ತೊಟ್ಟಿಯೊಳಗೆ ಬರಬೇಕು, ಹಿಂದಿನ ಬಾಗಿಲು ಹಾಕಬೇಕು, ನೀರು ತುಂಬಿಸಬೇಕು. ಆಗ ದೋಣಿ ಮೇಲಿನ ತೊಟ್ಟಿಯ ಮಟ್ಟಕ್ಕೆ ಏರುತ್ತದೆ. ಹೀಗೆ ಹತ್ತು ಸಲ. 75 ಅಡಿ ಏರಲು ಮುಕ್ಕಾಲು ಗಂಟೆಯಾದರೂ ಬೇಕು. 1814ರಲ್ಲಿ ಶುರುವಾದದ್ದು, ಇವತ್ತಿಗೂ ದೋಣಿಗಳು ಹೀಗೇ ಹತ್ತುತ್ತವೆ. ಶಾಲೆ ಮಕ್ಕಳು ಬಂದಾಗ ಇದನ್ನೆಲ್ಲ ಹೇಳಿಕೊಡಲು ನಾನು ತಿಂಗಳಿಗೊಮ್ಮೆ ಅಲ್ಲಿಗೆ ಹೋಗುತ್ತೇನೆ. ಸಂಬಳ ಇಲ್ಲ, ಬಿಸ್ಕತ್ತು ಉಂಟು.

ಆ ಹುಡುಗಿ ಕೇಳಿದಳು, "ನಿಮ್ಮೂರಲ್ಲೂ ಕಾಲುವೆ ಇದೆಯಾ?" ಇದೆ ಅಂದೆ, ಎದೆ ಉಬ್ಬಿಸಿಕೊಂಡು. ಮಂಡ್ಯದವನು ಅಲ್ವಾ ನಾನು! "ಹಾಗಾದ್ರೆ ಗುಡ್ಡ ಅಡ್ಡ ಬಂದ್ರೆ ನಿಮ್ಮ ಕಾಲುವೆ ಏನು ಮಾಡುತ್ತೆ?"

ನನ್ನ ಬಾಯಿ ಕಟ್ಟಿತು. ವಿ.ಸಿ. ನಾಲೆಯಲ್ಲಿ, ಅಂದರೆ ವಿಶ್ವೇಶ್ವರಯ್ಯ ನಾಲೆಯಲ್ಲಿ, ಈಜು ಕಲಿತವನು, ಅದರ ನೀರಲ್ಲಿ ಬೆಳೆದ ಅನ್ನ ತಿಂದವನು. ಗೊತ್ತಿರಲಿಲ್ಲ. ರಾತ್ರಿ ಕೂತು ಓದಿದೆ. ಹುಲಿಕೆರೆ ಹತ್ತಿರ ನಮ್ಮ ನಾಲೆ ಸುರಂಗದಲ್ಲಿ ನುಗ್ಗಿ ಗುಡ್ಡ ದಾಟುತ್ತದೆ. ಅದಕ್ಕೆ ಮೊದಲು ಇಟ್ಟಿದ್ದು ವೈಸ್‌ರಾಯ್ ಇರ್ವಿನ್ ಹೆಸರು, ವಿಶ್ವೇಶ್ವರಯ್ಯನವರ ಹೆಸರು ಆಮೇಲೆ ಬಂದದ್ದು. ನಮ್ಮ ತಾತ ಸಾಯುವ ತನಕ "ಇರ್ವಿನ್ ನಾಲೆ" ಅನ್ನುತ್ತಿದ್ದರು. ಅದು ಬೇರೆ ಯಾವುದೋ ನಾಲೆ ಇರಬೇಕು ಅಂದುಕೊಂಡೇ ನಾನು ಬೆಳೆದೆ.

ಶಾಲೆಯಿಂದ ನಾಲೆ ಏರಿಗೆ ಐದು ನಿಮಿಷದ ದಾರಿ. ಹತ್ತು ವರ್ಷದಲ್ಲಿ ಒಬ್ಬ ಮೇಷ್ಟ್ರೂ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ. ಪ್ರವಾಸ ಅಂದರೆ ಬೇಲೂರು, ಹಳೇಬೀಡು. ಕೆ.ಆರ್.ಎಸ್.ಗೂ ಹೋಗಿದ್ದೆವು, ಕತ್ತಲಾದ ಮೇಲೆ, ಬಣ್ಣದ ಕಾರಂಜಿ ನೋಡಲು. ಅಷ್ಟು ನೀರು ಅಲ್ಲಿಂದ ನಮ್ಮ ಗದ್ದೆಗೆ ಹೇಗೆ ಬರುತ್ತದೆ ಅಂತ ಯಾರೂ ಹೇಳಲಿಲ್ಲ. ನಾಲೆಯ ಬಗ್ಗೆ ನಾವು ಕಲಿತದ್ದು ಅಮ್ಮನ ಒಂದೇ ಪಾಠ: "ಆ ಕಡೆ ಹೋದ್ರೆ ಕಾಲು ಮುರೀತೀನಿ."

ಫಾಕ್ಸ್‌ಟನ್‌ನಲ್ಲೂ ಮೊದಲ ಮಾತು ಎಚ್ಚರಿಕೆಯದೇ. ಅಂಚಿನಿಂದ ದೂರ ನಿಲ್ಲಿ ಅಂತ ಮಕ್ಕಳ ಬಾಯಲ್ಲೇ ಹೇಳಿಸುತ್ತೇವೆ. ಆದರೆ ಅಲ್ಲಿಗೇ ಬಿಡುವುದಿಲ್ಲ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ಪುಟ್ಟ ಲಾಕ್ ಇಟ್ಟು ನೀರು ಸುರಿಸುತ್ತೇವೆ, ಆಟಿಕೆ ದೋಣಿ ಏರಿದಾಗ ಒಂದೇ ಕೂಗು. ಆಮೇಲೆ ನಿಜವಾದ ಲಾಕ್‌ನ ಹತ್ತಿರ. ಬಾಗಿಲಿನ ಉದ್ದದ ಮರದ ತೊಲೆಗೆ ಆರು ಮಕ್ಕಳು ಬೆನ್ನು ಕೊಟ್ಟು ನೂಕುತ್ತಾರೆ. ಎರಡೂ ಕಡೆ ನೀರು ಸಮ ಆಗುವ ತನಕ ಜಪ್ಪಯ್ಯ ಅಂದರೂ ಅದು ಅಲುಗುವುದಿಲ್ಲ. ಸಮ ಆಯಿತೋ, ಮೆಲ್ಲಗೆ ಜಾರುತ್ತದೆ. ಆಗ ಆ ಮುಖಗಳನ್ನು ನೋಡಬೇಕು!

ನೀರಿನ ಕಿಂಡಿ ಎತ್ತುವ ಕಂಬಗಳಿಗೆ ಎರಡು ಬಣ್ಣ. ಮೊದಲು ಕೆಂಪು, ಆಮೇಲೆ ಬಿಳಿ. ದೋಣಿ ಇಳಿಯುವಾಗ ಕೆಂಪು ಎತ್ತಿದರೆ ಪಕ್ಕದ ಕೊಳದ ನೀರು ಕೆಳಗಿನ ತೊಟ್ಟಿ ತುಂಬುತ್ತದೆ. ಬಿಳಿ ಎತ್ತಿದರೆ ದೋಣಿ ನಿಂತ ತೊಟ್ಟಿಯ ನೀರು ಆ ಕೊಳಕ್ಕೆ ಇಳಿಯುತ್ತದೆ. ಅದಲು ಬದಲು ಮಾಡಿದರೆ ತುಂಬಿದ ಕೊಳಕ್ಕೇ ಮತ್ತೆ ನೀರು ಸುರಿದ ಹಾಗೆ, ಉಕ್ಕಿ ದಂಡೆ ಮೇಲೆಲ್ಲ ಹೊಳೆ. ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ್ಯದ ಸಾಲೂ ಇದೆ, ಮಕ್ಕಳು ಬಸ್ಸು ಹತ್ತುವ ತನಕ ಅದನ್ನೇ ಕಿರುಚುತ್ತಿರುತ್ತಾರೆ.

ಇನ್ನೊಂದು ನನಗೆ ತುಂಬ ಹಿಡಿಸಿತು. 1900ರಲ್ಲಿ ಇದೇ ಗುಡ್ಡದ ಮೇಲೆ ಹಬೆಯಂತ್ರದಿಂದ ದೋಣಿಗಳನ್ನು ತೊಟ್ಟಿ ಸಮೇತ ಎಳೆಯುವ ಇಳಿಜಾರು ಹಳಿ ಹಾಕಿದರು. 12 ನಿಮಿಷದ ಕೆಲಸ. ಆದರೆ ದೋಣಿಗಳೇ ಸಾಕಷ್ಟು ಬರಲಿಲ್ಲ. ಹತ್ತೇ ವರ್ಷದಲ್ಲಿ ನಿಂತಿತು, 1928ರಲ್ಲಿ ಗುಜರಿಗೆ ಹೋಯಿತು. ಈಗ ಅಲ್ಲಿ ಇರುವುದು ಹುಲ್ಲು. ಸೋತ ಯಂತ್ರದ ಕಥೆಯನ್ನು ಇವರು ಬಚ್ಚಿಡುವುದಿಲ್ಲ, ಅದರ ಬಾಯ್ಲರ್ ಕೋಣೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. ನಮ್ಮಲ್ಲಾಗಿದ್ದರೆ ಬರೀ ಉದ್ಘಾಟನೆಯ ಕಲ್ಲು ಉಳಿಯುತ್ತಿತ್ತು.

ಹಿಂದೆ ಇಂಥ ದೋಣಿಗಳಲ್ಲೇ ಸಂಸಾರಗಳಿದ್ದವು. ಏಳಡಿ ಅಗಲದ ದೋಣಿ, ತುದಿಯಲ್ಲಿ ಒಂದು ಗೂಡು, ಅದರಲ್ಲಿ ಗಂಡ ಹೆಂಡತಿ ಮಕ್ಕಳು. ದೋಣಿ ನಿಂತರೆ ತಾನೇ ಶಾಲೆ! ಇದೇ ಲೆಸ್ಟರ್‌ಶೈರ್‌ನ ಕೋಲ್‌ವಿಲ್‌ನಲ್ಲಿದ್ದ ಜಾರ್ಜ್ ಸ್ಮಿತ್ ಆ ಮಕ್ಕಳಿಗಾಗಿ ಬಡಿದಾಡಿ, 1877ರಲ್ಲಿ ಕಾನೂನು ಬಂತು. ಅವರೂ ಚಿಕ್ಕಂದಿನಲ್ಲಿ ಇಟ್ಟಿಗೆ ಹೊತ್ತವರು. ಇದನ್ನು ಹೇಳುವಾಗ ಎಷ್ಟೇ ತುಂಟ ಮಕ್ಕಳಿದ್ದರೂ ಸುಮ್ಮನಾಗುತ್ತವೆ.

ನನ್ನ ಜೊತೆ ಹೇಳಿಕೊಡುವವರಲ್ಲಿ ಒಬ್ಬರು ರೈಲ್ವೆಯಿಂದ ನಿವೃತ್ತರು, ಇನ್ನೊಬ್ಬರು ನರ್ಸ್ ಆಗಿದ್ದವರು. ಮಳೆ ಬಂದರೂ ಫ್ಲಾಸ್ಕ್ ಹಿಡಿದು ಹಾಜರು. ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ವರ್ಣಿಸಿದೆ.

"ಎಷ್ಟು ಕೊಡ್ತಾರ್ಲಾ?"

"ಏನೂ ಕೊಡಲ್ಲಪ್ಪ."

"ಮತ್ಯಾಕ್ಲಾ? ರಜ ಹಾಕ್ಬುಟ್ಟು ಹೋಗಿ?"

ಸಿಟ್ಟು ಬಂತು. ಗಣಪತಿ ಕೂರಿಸಲು ಹದಿನೈದು ದಿನ ಪುಕ್ಕಟೆ ದುಡಿಯುವ ಊರು ನಮ್ಮದು. ಮಕ್ಕಳಿಗೆ ಹೇಳಿಕೊಡುವುದಕ್ಕೆ ಮಾತ್ರ ರೇಟು ಕೇಳುತ್ತೇವೆ.

ಜೂನ್ ಕೊನೆಗೆ ಊರಿಗೆ ಹೋದಾಗ ಹಠ ಹಿಡಿದು ಒಂದು ಶಾಲೆಗೆ ಹೋಗಿ ಕೇಳಿದೆ, ಮಕ್ಕಳನ್ನು ನಾಲೆ ಹತ್ತಿರ ಕರೆದೊಯ್ಯುತ್ತೇನೆ ಅಂತ. "ಹೆಚ್ಚು ಕಮ್ಮಿ ಆದ್ರೆ ಯಾರು ಸಾರ್ ಜವಾಬ್ದಾರಿ?" ಅಂದರು. ಆಗ ಬೈದುಕೊಂಡೆ. ಏರಿ ಮೇಲೆ ನಿಂತು ನೋಡಿದಾಗ ಬಾಯಿ ಮುಚ್ಚಿದೆ. ಫಾಕ್ಸ್‌ಟನ್ ನೀರು ಹಸು ಮಲಗಿದ ಹಾಗೆ ಮಲಗಿರುತ್ತದೆ. ನಮ್ಮದು ಓಡುವ ನೀರು. ಎಷ್ಟೋ ಕಡೆ ತಡೆಗೋಡೆಯೂ ಇಲ್ಲ. ಬಸ್ಸೇ ಬಿದ್ದು ಜನ ಸತ್ತ ನಾಲೆ ಅದು. ಅಮ್ಮ ಸುಮ್ನೆ ಬೈಯುತ್ತಿರಲಿಲ್ಲ. ಅಲ್ಲಿನ ಹಿರಿಯರಿಗೆ ಪಿಂಚಣಿ ಇದೆ, ಮನೆ ಸಾಲ ತೀರಿದೆ, ನನಗೆ ರಜ ಕೊಡುವ ಕಂಪನಿ ಇದೆ. ಅಪ್ಪನಿಗೆ ಅರವತ್ತೆಂಟು, ಇನ್ನೂ ಕಬ್ಬಿಗೆ ನೀರು ಕಟ್ಟುತ್ತಾರೆ. ಇದನ್ನು ಒಪ್ಪಲೇಬೇಕು, ಅಷ್ಟೇನೂ ಮನಸ್ಸಿಲ್ಲದಿದ್ದರೂ.

ಕೊನೆಗೆ ಅಕ್ಕನ ಇಬ್ಬರು ಮಕ್ಕಳನ್ನು ಮಾತ್ರ ಕೈ ಹಿಡಿದು ತೂಬಿನ ಹತ್ತಿರ ಕರೆದೊಯ್ದೆ. ನೀರುಗಂಟಿ ಅಲ್ಲೇ ಬೀಡಿ ಸೇದುತ್ತಿದ್ದರು. ನಾನು ಹುಲಿಕೆರೆ ಸುರಂಗದಿಂದ ಶುರು ಮಾಡುವಷ್ಟರಲ್ಲಿ ಅವರೇ ಬಂದರು. ಕಟ್ಟು ನೀರು ಅಂದರೇನು, ಯಾವ ಗದ್ದೆಗೆ ಯಾವ ದಿನ, ರಾತ್ರಿ ಕದ್ದು ತೂಬು ಎತ್ತಿದವನನ್ನು ಹೇಗೆ ಹಿಡಿದರು, ಎಲ್ಲ ಹೇಳಿದರು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು. ಇಷ್ಟು ವರ್ಷ ಇವರನ್ನು ಯಾರೂ ಕೇಳಿರಲಿಲ್ಲ, ನಾನೂ ಸೇರಿ.

ನಾನೂ ಬಿಡಲಿಲ್ಲ. ಹತ್ತು ತೊಟ್ಟಿ, ಕೆಂಪು, ಬಿಳಿ, ಎಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿ, ಬೀಡಿ ಆರಿಸಿ, "ನೀರು ಎಷ್ಟು ಎಕರೆಗೆ ಹೋಯ್ತದೆ?" ಅಂದರು.

"ಗದ್ದೆಗೆ ಬಿಡಲ್ಲ ಅಣ್ಣ. ಬರೀ ದೋಣಿ."

"ಹಂಗಾದ್ರೆ ಅದ್ಯಾವ ಸೀಮೆ ನಾಲೆನಪ್ಪ?"