ಅಮ್ಮ ಗೇಟಿನ ಮುಂದೆ ಕಳೆದ ರಾತ್ರಿ

ಊರಿಗೆ ಬಂದು ಐದು ದಿನ ಆಯಿತು. ಅಪ್ಪನ ವರ್ಷಾಂತಿಕ ಮುಗಿಯಿತು. ನೆಂಟರೆಲ್ಲ ಹೊರಟರು. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಯಾಕೆಂದರೆ ಇಳಿದ ಮೇಲೆ ನಾವೆಲ್ಲ "ಹೋಗ್ಲಿ ಬಿಡು, ಸುಖವಾಗಿ ಬಂದು ಸೇರಿದ್ವಲ್ಲ" ಅಂದುಕೊಂಡು ಸುಮ್ಮನಾಗುತ್ತೇವೆ. ಏರ್‌ಲೈನಿನವರಿಗೂ ಅದೇ ಬೇಕು.

ಷಿಕಾಗೋದಿಂದ ಬೆಂಗಳೂರಿಗೆ ಒಂದೇ ಟಿಕೆಟ್. ಮಧ್ಯೆ ಯುರೋಪಿನಲ್ಲಿ ಇಳಿದು ವಿಮಾನ ಬದಲಿಸಬೇಕು. ನಾನು, ಅಮ್ಮ ಇಬ್ಬರೇ. ಅಮ್ಮನಿಗೆ 68 ವರ್ಷ. ಸಕ್ಕರೆ ಕಾಯಿಲೆ ಇದೆ, ಮಂಡಿ ನೋವಿದೆ. ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಅಪ್ಪ ಹೋದ ಮೇಲೆ ಸಾಗರದ ಮನೆಯಲ್ಲಿ ಒಬ್ಬಳೇ ಆಗುತ್ತಾಳೆ ಅಂತ ಐದು ತಿಂಗಳು ನನ್ನ ಹತ್ತಿರ ಇಟ್ಟುಕೊಂಡಿದ್ದೆ. ವರ್ಷಾಂತಿಕಕ್ಕೆ ಎರಡು ದಿನ ಮೊದಲೇ ಬೆಂಗಳೂರು ಸೇರುವ ಹಾಗೆ ಬುಕ್ ಮಾಡಿದ್ದೆ. ತಿಥಿ ಯಾರಿಗೂ ಕಾಯುವುದಿಲ್ಲ, ಅಲ್ವಾ?

ಏರ್‌ಲೈನಿನ ಹೆಸರು ಇಲ್ಲಿ ಬರೆಯುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಅದರ ಪಾಡಿಗೆ ನಡೆಯಲಿ. ಇಂಥದ್ದೇ ಕಥೆಯನ್ನು ಬೇರೆ ಬೇರೆ ಏರ್‌ಲೈನುಗಳ ಹೆಸರು ಹಾಕಿ ನಿಮ್ಮಲ್ಲೂ ತುಂಬಾ ಜನ ಹೇಳಬಲ್ಲಿರಿ.

ಮೊದಲ ವಿಮಾನ ಸರಿಯಾಗಿಯೇ ಬಂತು. ವೀಲ್‌ಚೇರ್ ಕಾದಿತ್ತು. ಗೇಟಿನ ಹತ್ತಿರ ಅಮ್ಮನನ್ನು ಇಳಿಸಿ ಕುರ್ಚಿಯಲ್ಲಿ ಕೂರಿಸಿ, ವೀಲ್‌ಚೇರ್ ವಾಪಸ್ ತೆಗೆದುಕೊಂಡು ಹೋದರು. ಬೇರೆಯವರಿಗೂ ಬೇಕು, ಸರಿ. ಮಧ್ಯಾಹ್ನ 12.50ಕ್ಕೆ ಬೆಂಗಳೂರಿನ ವಿಮಾನ. ಬೋರ್ಡಿನಲ್ಲಿ 1.20 ಅಂತ ಬಂತು. ಆಮೇಲೆ 2.00. ಆಮೇಲೆ 2.45. ಮೂರೂವರೆಗೆ ಹತ್ತಿಸಿದರು. ಒಳಗೆ ಕೂರಿಸಿ ಎರಡು ಗಂಟೆ ಕಾಯಿಸಿ ಮತ್ತೆ ಇಳಿಸಿದರು. ತಾಂತ್ರಿಕ ದೋಷ ಅಂದರು. ಮತ್ತೆ ಅರ್ಧ ಅರ್ಧ ಗಂಟೆ ಮುಂದೆ ಹಾಕುತ್ತಾ ಹೋದರು. ರಾತ್ರಿ ಎಂಟೂವರೆಗೆ ವಿಮಾನ ರದ್ದು. ಪೈಲಟ್‌ಗಳ ಡ್ಯೂಟಿ ಸಮಯ ಮುಗಿಯಿತಂತೆ.

ವಿಮಾನ ಕೆಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ಕೆಟ್ಟಿದ್ದನ್ನು ಹಾರಿಸಬೇಡಿ. ರಿಪೇರಿ ಮಾಡುವವರು ಎಷ್ಟು ಹೊತ್ತು ಬೇಕಾದರೂ ತೆಗೆದುಕೊಳ್ಳಲಿ. ಆದರೆ ಪೈಲಟ್‌ಗಳ ಡ್ಯೂಟಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವುದು ಅವರಿಗೆ ಗೊತ್ತಿಲ್ಲದ ವಿಷಯವೇ? ಅದಕ್ಕೆ ನಿಯಮವಿದೆ, ಗಂಟೆಯ ಲೆಕ್ಕವಿದೆ. ಇಂತಿಷ್ಟು ಹೊತ್ತಿನ ಒಳಗೆ ಹೊರಡದಿದ್ದರೆ ಇವತ್ತು ಈ ವಿಮಾನ ಹೋಗುವುದಿಲ್ಲ ಅಂತ ಸಂಜೆಯೇ ಯಾರಿಗೋ ಗೊತ್ತಿತ್ತು. ನಮಗೆ ಹೇಳಲಿಲ್ಲ. ಐದು ಗಂಟೆಗೆ ಒಂದು ಮಾತು ಹೇಳಿದ್ದರೆ ಊಟದ ಅಂಗಡಿಗಳು ತೆರೆದಿದ್ದವು. ಮಾತಾಡಲು ಕೌಂಟರಿನಲ್ಲಿ ಜನ ಇದ್ದರು. ಬೇರೆ ವಿಮಾನಗಳಲ್ಲಿ ಸೀಟು ಹುಡುಕಬಹುದಿತ್ತು. ಅರ್ಧರ್ಧ ಗಂಟೆ ಅನ್ನುತ್ತಲೇ ಆ ದಾರಿಯನ್ನೆಲ್ಲ ಮುಚ್ಚಿದರು.

ರದ್ದಾದ ಹತ್ತು ನಿಮಿಷಕ್ಕೆ ಆ್ಯಪಿನಲ್ಲಿ ಮೆಸೇಜ್ ಬಂತು. ನಮಗೆ ಬೇರೆ ವಿಮಾನ ಕೊಟ್ಟಿದ್ದಾರೆ. ಓದಿ ನನ್ನ ಕೈ ನಡುಗಿತು. ಅಮ್ಮನಿಗೆ ಮರುದಿನ ಬೆಳಿಗ್ಗೆ, ಇನ್ನೊಂದು ಊರಿನ ಮೂಲಕ, ಅಲ್ಲಿ ಮತ್ತೆ ವಿಮಾನ ಬದಲಿಸಿ. ನನಗೆ ಅದರ ಮರುದಿನ. ಒಂದೇ ಬುಕಿಂಗ್, ಒಂದೇ ಪಿಎನ್‌ಆರ್, ಒಂದೇ ಮನೆ ಹೆಸರು. ಎರಡು ತುಂಡು ಮಾಡಿದ್ದರು. ಇಂಗ್ಲಿಷಿನ ಒಂದು ಬೋರ್ಡ್ ಓದಲು ಬಾರದ ಹೆಂಗಸನ್ನು, ಇನ್ಸುಲಿನ್ ತೆಗೆದುಕೊಳ್ಳುವ ಹೆಂಗಸನ್ನು, ಒಬ್ಬಳನ್ನೇ ಇನ್ನೊಂದು ದೇಶಕ್ಕೆ ಕಳಿಸುವ ಏರ್ಪಾಡು.

ಕೌಂಟರಿನಲ್ಲಿ ಮುನ್ನೂರು ಜನಕ್ಕೆ ಇಬ್ಬರು. ಫೋನ್ ಲೈನಿನಲ್ಲಿ ಒಂದು ಗಂಟೆ ನಲವತ್ತು ನಿಮಿಷ ಸಂಗೀತ ಕೇಳಿಸಿ ತಾನಾಗೇ ಕಟ್ ಆಯಿತು. ಹನ್ನೊಂದೂಕಾಲಿಗೆ ನನ್ನ ಸರದಿ ಬಂದಾಗ ಕೌಂಟರಿನ ಹೆಂಗಸು ಮುಖ ಎತ್ತಲಿಲ್ಲ. "ಸಿಸ್ಟಮ್ ಮಾಡಿದೆ, ನಾನೇನೂ ಮಾಡುವ ಹಾಗಿಲ್ಲ" ಅಂದರು. "ಆಕೆ ನನ್ನ ತಾಯಿ, ಅಲ್ಲಿ ಕೂತಿದ್ದಾರೆ, ಒಮ್ಮೆ ನೋಡಿ" ಅಂದೆ. ನೋಡಲಿಲ್ಲ. ನನಗೆ ಈಗಲೂ ಜಾಸ್ತಿ ನೋಯುವುದು ಇದೇ. ಆಕೆಗೂ ಬೆಳಿಗ್ಗೆಯಿಂದ ಸಾಕಾಗಿರುತ್ತದೆ, ಎಲ್ಲರೂ ಕೂಗಾಡಿರುತ್ತಾರೆ. ಮುನ್ನೂರು ಜನರ ಮುಂದೆ ಇಬ್ಬರನ್ನು ನಿಲ್ಲಿಸಿ ಮನೆಗೆ ಹೋದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಆದರೂ ತಲೆ ಎತ್ತಿ ಒಮ್ಮೆ ನೋಡಬಹುದಿತ್ತು. ಕೊನೆಗೆ ಅಲ್ಲಿಂದ ಕದಲುವುದಿಲ್ಲ ಅಂತ ನಿಂತೆ. ಇಪ್ಪತ್ತು ನಿಮಿಷ ಟೈಪ್ ಮಾಡಿ ಇಬ್ಬರನ್ನೂ ಮರುದಿನದ 12.50ರ ವಿಮಾನಕ್ಕೇ ಹಾಕಿದರು. ಅಂದರೆ ಮಾಡಲು ಆಗುತ್ತಿತ್ತು.

ಇನ್ನು ರಾತ್ರಿ ಎಲ್ಲಿ ಮಲಗುವುದು? ಅಮೆರಿಕ, ಯುರೋಪಿನ ಪಾಸ್‌ಪೋರ್ಟ್ ಇದ್ದವರನ್ನು ಬಸ್ಸಿನಲ್ಲಿ ಹೋಟೆಲಿಗೆ ಕರೆದುಕೊಂಡು ಹೋದರು. ನಮ್ಮದು ಭಾರತದ ಪಾಸ್‌ಪೋರ್ಟ್. ಅಮ್ಮನದು ಅಮೆರಿಕದ ವಿಸಿಟರ್ ವೀಸಾ, ನನ್ನದು ಅಲ್ಲಿ ಕೆಲಸ ಮಾಡುವವರ ಎಚ್-1ಬಿ. ಅಮೆರಿಕದ ವೀಸಾ ಇದ್ದರೆ ಈ ನಿಲ್ದಾಣದಲ್ಲಿ ವಿಮಾನ ಬದಲಿಸಲು ಬೇರೆ ವೀಸಾ ಬೇಡ. ಆದರೆ ನಿಲ್ದಾಣದಿಂದ ಹೊರಗೆ ಕಾಲಿಡಬೇಕಾದರೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಬಹುತೇಕ ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ ಬೇಕು. ಹಾಗಾಗಿ ಹೋಟೆಲ್ ಇಲ್ಲ. ಆ ದೇಶದ ಕಾನೂನು ಅದು, ನಾನು ಜಗಳ ಆಡುವುದಿಲ್ಲ. ಆದರೆ ಅದೇ ಷೆಂಗೆನ್ ನಿಯಮದಲ್ಲಿ, ಅನಿವಾರ್ಯ ಸಂದರ್ಭದಲ್ಲಿ ಗಡಿಯಲ್ಲೇ ವೀಸಾ ಕೊಡುವ ಅವಕಾಶವೂ ಇದೆ. ಕೊಡುವುದು ಬಿಡುವುದು ಗಡಿ ಪೊಲೀಸರ ಕೈಯಲ್ಲಿದೆ. ನಮ್ಮ ಪರವಾಗಿ ಏರ್‌ಲೈನಿನವರು ಹೋಗಿ ಒಂದು ಮಾತು ಕೇಳಬಹುದಿತ್ತಲ್ಲ? ಯಾರೂ ಕೇಳಲಿಲ್ಲ. ನಮ್ಮಂಥವರು ನಲವತ್ತಕ್ಕೂ ಹೆಚ್ಚು ಜನ ಇದ್ದೆವು. ಜಾಸ್ತಿ ಪಾಲು ವಯಸ್ಸಾದವರು. ಮಗಳ ಬಾಣಂತನ ಮುಗಿಸಿ ಬರುತ್ತಿದ್ದವರು, ಮೊಮ್ಮಗುವನ್ನು ಬಿಟ್ಟು ಕಣ್ಣು ಒರೆಸಿಕೊಂಡು ಹೊರಟವರು.

ತಲಾ ಒಂದು ತೆಳ್ಳನೆಯ ಹೊದಿಕೆ ಕೊಟ್ಟರು. ಹನ್ನೆರಡು ಯೂರೋದ ಊಟದ ಕೂಪನ್ ಕೊಟ್ಟರು. ಅಷ್ಟು ಹೊತ್ತಿಗೆ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು.

ಅಮ್ಮ ರಾತ್ರಿ ಇನ್ಸುಲಿನ್ ತೆಗೆದುಕೊಂಡರೆ ಕೂಡಲೇ ಏನಾದರೂ ತಿನ್ನಬೇಕು. ಕೈಚೀಲದಲ್ಲಿ ನಾಲ್ಕು ಚಪಾತಿ, ಚಟ್ನಿಪುಡಿ ಇಟ್ಟುಕೊಂಡಿದ್ದಳು. ಅದೇ ಊಟ ಆಯಿತು. ಎರಡು ಚಪಾತಿ ಮಡಚಿ ಪಕ್ಕದಲ್ಲಿದ್ದ ಹೈದರಾಬಾದಿನ ಅಜ್ಜಿಗೆ ಕೊಟ್ಟಳು. ಆಮೇಲೆ ಗಮನಿಸಿದೆ, ಅಮ್ಮ ನೀರು ಕುಡಿಯುತ್ತಿಲ್ಲ. ಎಷ್ಟು ಹೇಳಿದರೂ "ಬಾಯಾರಿಕೆ ಇಲ್ಲ ಮಾರಾಯ" ಅನ್ನುತ್ತಾಳೆ. ಟಾಯ್ಲೆಟ್ ತುಂಬಾ ದೂರ ಇತ್ತು. ವೀಲ್‌ಚೇರ್ ಇರಲಿಲ್ಲ. ಮೂರು ಸಲ ಕೇಳಿದ್ದೆ, ಬರುತ್ತದೆ ಅಂದಿದ್ದರು. ನಡೆಯಲು ಆಗದೆ, ನನಗೆ ಹೇಳಲು ಸಂಕೋಚಪಟ್ಟು, ನೀರು ಕುಡಿಯುವುದನ್ನೇ ಬಿಟ್ಟಿದ್ದಳು.

ಯುರೋಪಿಯನ್ ಒಕ್ಕೂಟದಲ್ಲಿ ನಡೆಯಲು ಕಷ್ಟವಿರುವ ಪ್ರಯಾಣಿಕರಿಗೆ ಸಹಾಯ ಮಾಡುವುದು ವಿಮಾನ ನಿಲ್ದಾಣದ ಹೊಣೆ, ಅದಕ್ಕೆ ದುಡ್ಡು ಕೇಳುವ ಹಾಗಿಲ್ಲ ಅಂತ 2006ರಲ್ಲೇ ಕಾನೂನು ಮಾಡಿದ್ದಾರೆ. ಬರೆದಿಟ್ಟ ಕಾನೂನು ಚೆನ್ನಾಗಿದೆ. ಆ ರಾತ್ರಿ ಅದನ್ನು ಪಾಲಿಸಿದವನು ಒಬ್ಬ ಹುಡುಗ. ವೀಲ್‌ಚೇರ್ ತಳ್ಳುವ ಕೆಲಸ. ಮೂಲ ಶ್ರೀಲಂಕಾದ ತಮಿಳಿನವನು. ಡ್ಯೂಟಿ ಮುಗಿಸಿ ಹೊರಟಿದ್ದವನು ಅಮ್ಮನನ್ನು ನೋಡಿ ನಿಂತ. "ಅಮ್ಮಾ" ಅಂದ. ಆ ಪದ ಎರಡೂ ಭಾಷೆಗೆ ಒಂದೇ ಅಲ್ವಾ? ಅಮ್ಮ ತಿರುಗಿ ನೋಡಿದಳು. ಎಲ್ಲಿಂದಲೋ ಒಂದು ವೀಲ್‌ಚೇರ್ ತಂದ. ಟಾಯ್ಲೆಟ್‌ಗೆ ಕರೆದುಕೊಂಡು ಹೋಗಿ, ಬಾಗಿಲ ಹೊರಗೆ ನನ್ನ ಜೊತೆ ಕಾದ. ಸಿಬ್ಬಂದಿಯ ಕೋಣೆಯಿಂದ ಎರಡು ಪೇಪರ್ ಕಪ್ಪಿನಲ್ಲಿ ಬಿಸಿ ನೀರು ತಂದುಕೊಟ್ಟ. ವೀಲ್‌ಚೇರ್ ಅಮ್ಮನ ಹತ್ತಿರವೇ ಬಿಟ್ಟು, "ಬೆಳಿಗ್ಗೆವರೆಗೂ ಯಾರು ಕೇಳಿದರೂ ಕೊಡಬೇಡಿ" ಅಂತ ನನಗೆ ಇಂಗ್ಲಿಷಿನಲ್ಲಿ ಹೇಳಿ ಹೋದ.

ಅಲ್ಲೇ ದಾವಣಗೆರೆ ಕಡೆಯ ಒಬ್ಬರು ಸಿಕ್ಕಿದ್ದರು. ಆ ವಿಮಾನ ನಿಲ್ದಾಣ ಇರುವ ಊರಿನಲ್ಲೇ ಕೆಲಸ ಮಾಡುವವರು. ರಾತ್ರಿ ಮನೆಗೆ ಹೋಗಿ ಮಲಗಿ ಮರುದಿನ ಬಂದರು. "ಆರುನೂರು ಯೂರೋ ಕ್ಲೇಮ್ ಮಾಡಿ, ಬಿಡಬೇಡಿ" ಅಂದರು. ಊರಿಗೆ ಬಂದ ಮೇಲೆ ಕೂತು ಓದಿದೆ. ಯುರೋಪಿಯನ್ ಒಕ್ಕೂಟದ 2004ರ 261ನೇ ನಿಯಮ. ಯುರೋಪಿನಿಂದ ಹೊರಡುವ 3,500 ಕಿಲೋಮೀಟರಿಗಿಂತ ದೂರದ ವಿಮಾನ ಹೀಗೆ ಕೊನೇ ಗಳಿಗೆಯಲ್ಲಿ ರದ್ದಾದರೆ ತಲಾ 600 ಯೂರೋ ಪರಿಹಾರ. ಜೊತೆಗೆ ಊಟ, ವಸತಿ. ಮಾಮೂಲಿ ತಾಂತ್ರಿಕ ದೋಷದ ನೆಪ ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂತ ಯುರೋಪಿನ ಕೋರ್ಟ್ 2008ರಲ್ಲೇ ಹೇಳಿದೆ. ಓದಿ ಖುಷಿಯಾಯಿತು.

ಮುಂದೆ ಓದಿದೆ. 2022ರ ಇನ್ನೊಂದು ತೀರ್ಪು. ಮಾಲ್ಡೋವಾದ ಕಿಷಿನೌದಿಂದ ವಿಯೆನ್ನಾ ಮೂಲಕ ಬ್ಯಾಂಕಾಕಿಗೆ ಹೊರಟಿದ್ದ ಪ್ರಯಾಣಿಕರೊಬ್ಬರ ವಿಷಯ. ಒಂದೇ ಬುಕಿಂಗಿನಲ್ಲಿ ಮಾಡಿದ ಪ್ರಯಾಣ ಒಕ್ಕೂಟದ ಹೊರಗೆ ಶುರುವಾಗಿ ಹೊರಗೇ ಮುಗಿದರೆ, ಮಧ್ಯೆ ಯುರೋಪಿನಲ್ಲಿ ವಿಮಾನ ಬದಲಿಸಿದರೂ ಆ ನಿಯಮ ಅನ್ವಯಿಸುವುದಿಲ್ಲ ಅಂತ ಕೋರ್ಟ್ ಹೇಳಿತು. ನಮ್ಮದು ಸರಿಯಾಗಿ ಅದೇ. ಷಿಕಾಗೋದಲ್ಲಿ ಶುರು, ಬೆಂಗಳೂರಿನಲ್ಲಿ ಕೊನೆ.

ಈಗ ಯೋಚನೆ ಮಾಡಿ. ಒಂದೇ ಗೇಟು, ಒಂದೇ ವಿಮಾನ, ಒಂದೇ ರಾತ್ರಿ. ಅಲ್ಲಿಂದಲೇ ಪ್ರಯಾಣ ಶುರು ಮಾಡಿ, ಸ್ವಂತ ಮನೆಯಲ್ಲಿ ಮಲಗಿ ಬಂದವರಿಗೆ 600 ಯೂರೋ ಹಕ್ಕು. ಕುರ್ಚಿಯ ಮೇಲೆ ರಾತ್ರಿ ಕಳೆದ ನನ್ನ ಅಮ್ಮನಿಗೆ ಏನೂ ಇಲ್ಲ. ಅವರಿಗೆ ಸಿಗಬಾರದು ಅಂತಲ್ಲ, ಖಂಡಿತ ಸಿಗಲಿ. ಆದರೆ ಅಮೆರಿಕದಿಂದ ಹೀಗೆ ಒಂದೇ ಟಿಕೆಟಿನಲ್ಲಿ ಯುರೋಪ್ ದಾಟಿ ಊರಿಗೆ ಬರುವ ನಮ್ಮ ಜನರೆಲ್ಲ ಈ ಸಂದಿಯಲ್ಲೇ ಬೀಳುತ್ತಾರೆ. ಕಾನೂನು ಕೈ ಹಿಡಿಯುವುದಿಲ್ಲ, ವೀಸಾ ಹೊರಗೆ ಬಿಡುವುದಿಲ್ಲ, ಭಾಷೆ ಬರುವುದಿಲ್ಲ. ಇದು ಏರ್‌ಲೈನುಗಳಿಗೆ ಚೆನ್ನಾಗಿ ಗೊತ್ತು. ಇಂಥವರಿಗೆ ಒಂದು ಮಂಚ, ಬಿಸಿ ಊಟ ಕೊಡಲು ಕಾನೂನೇ ಬಂದು ಹೇಳಬೇಕೇ?

ಮರುದಿನದ ವಿಮಾನ ಒಂದು ಗಂಟೆ ತಡವಾಗಿ ಹೊರಟಿತು. ನನಗೆ 41ನೇ ಸಾಲು, ಅಮ್ಮನಿಗೆ 34. ಒಬ್ಬ ವಿದ್ಯಾರ್ಥಿನಿ ಸೀಟು ಬಿಟ್ಟುಕೊಟ್ಟಳು, ಇಬ್ಬರೂ ಒಟ್ಟಿಗೆ ಕೂತೆವು. ಅವಳಿಗೆ ಒಳ್ಳೆಯದಾಗಲಿ. ಟಿಕೆಟ್ ಬದಲಾಗುವಾಗ ಅಮ್ಮನ ವೆಜ್ ಊಟದ ಬುಕಿಂಗ್ ಹಾರಿಹೋಗಿತ್ತು. ಬನ್ನು, ಬೆಣ್ಣೆ, ಎರಡು ತುಂಡು ಹಣ್ಣು ಸಿಕ್ಕಿತು. ಪ್ರಕಟಣೆಗಳು ಇಂಗ್ಲಿಷಿನಲ್ಲಿ, ಆ ದೇಶದ ಭಾಷೆಯಲ್ಲಿ, ಆಮೇಲೆ ಹಿಂದಿಯಲ್ಲಿ. ಬೆಂಗಳೂರಿಗೆ ಹೋಗುವ ವಿಮಾನ. ಕನ್ನಡದಲ್ಲಿ ಒಂದು ಸಾಲೂ ಇಲ್ಲ. ಬೆಲ್ಟ್ ಹಾಕಿಕೊಳ್ಳಿ, ಊಟ ಬರುತ್ತದೆ, ತಡವಾಗಿದ್ದಕ್ಕೆ ಕ್ಷಮಿಸಿ, ಇಷ್ಟನ್ನು ಒಮ್ಮೆ ರೆಕಾರ್ಡ್ ಮಾಡಿಟ್ಟುಕೊಳ್ಳಲು ಎಷ್ಟು ಖರ್ಚಾದೀತು? ನಮ್ಮ ಅಪ್ಪ ಅಮ್ಮಂದಿರು ವೀಲ್‌ಚೇರ್ ಕೇಳುವುದು ಕಾಲು ನೋವಿಗೆ ಮಾತ್ರ ಅಂದುಕೊಂಡಿದ್ದೀರಾ? ತುಂಬಾ ಜನ ದಾರಿ ತಪ್ಪುವ ಹೆದರಿಕೆಗೆ ಕೇಳುತ್ತಾರೆ. ಬೋರ್ಡ್ ಓದಲು ಬರುವುದಿಲ್ಲ, ಕೇಳಲು ಮಾತು ಬರುವುದಿಲ್ಲ. ವೀಲ್‌ಚೇರ್ ಅವರಿಗೆ ಒಂದು ಜೊತೆ.

ರಾತ್ರಿ ಎರಡೂವರೆ ದಾಟಿದ ಮೇಲೆ ಬೆಂಗಳೂರಿನಲ್ಲಿ ಇಳಿದೆವು. ಬಾಗಿಲಲ್ಲಿ ವೀಲ್‌ಚೇರ್ ಹಿಡಿದು ನಿಂತಿದ್ದ ಹುಡುಗಿ "ಬನ್ನಿ ಅಮ್ಮ, ಕೂತ್ಕೊಳ್ಳಿ, ಸುಸ್ತಾಗಿದೀರಾ" ಅಂದಳು. ಅಷ್ಟೇ. ಅಮ್ಮನಿಗೆ ಬಾಯಿ ಬಂದ ಹಾಗಾಯಿತು. ಚಪಾತಿ, ಕುರ್ಚಿ, ಬಿಸಿ ನೀರು, ಹೈದರಾಬಾದಿನ ಅಜ್ಜಿ, ಎಲ್ಲವನ್ನೂ ಇಮಿಗ್ರೇಷನ್‌ವರೆಗೂ ಆ ಹುಡುಗಿಗೆ ಹೇಳುತ್ತಲೇ ಇದ್ದಳು. ಎರಡನೇ ಟರ್ಮಿನಲ್ಲಿನ ಬಿದಿರಿನ ಚಾವಣಿ ನೋಡಿ "ನಮ್ಮೂರಿನ ಬಿದಿರಿನ ಹಾಗೇ ಇದೆ" ಅಂದಳು. ನಾನು ಹಿಂದೆ ನಡೆಯುತ್ತಾ ಕಣ್ಣು ಒರೆಸಿಕೊಂಡೆ.

ನಾಲ್ಕು ಬ್ಯಾಗಿನಲ್ಲಿ ಮೂರು ಬಂದವು. ನಿದ್ದೆಗಣ್ಣಿನಲ್ಲಿ ಮನೆಗೆ ಹೋಗಿ ಫೋನ್ ಮಾಡೋಣ ಅನ್ನಿಸಿತ್ತು. ಪುಣ್ಯಕ್ಕೆ ಹಾಗೆ ಮಾಡಲಿಲ್ಲ. ನೀವೂ ಮಾಡಬೇಡಿ. ಬೆಲ್ಟಿನ ಹತ್ತಿರವೇ ದೂರಿನ ಫಾರಂ ಬರೆಸಿ, ನಂಬರ್ ತೆಗೆದುಕೊಂಡೇ ಹೊರಗೆ ಬನ್ನಿ. ಬ್ಯಾಗ್ ಮೂರನೇ ದಿನ ಬಂತು, ಚಕ್ರ ಮುರಿದಿತ್ತು. ಬ್ಯಾಗ್ ಕೆಟ್ಟಿದ್ದರೆ ಕೈಗೆ ಬಂದ ಏಳು ದಿನದ ಒಳಗೆ, ತಡವಾಗಿ ಬಂದಿದ್ದರೆ 21 ದಿನದ ಒಳಗೆ ಬರಹದಲ್ಲಿ ದೂರು ಕೊಡಬೇಕು. ಇದು 1999ರ ಮಾಂಟ್ರಿಯಲ್ ಒಪ್ಪಂದದ ಮಾತು, ಭಾರತವೂ ಅದಕ್ಕೆ ಸೇರಿದೆ. ವಿಮಾನ ತಡವಾಗಿ ನಮಗೆ ಆದ ಖರ್ಚನ್ನು ಕೇಳಲೂ ಅದರಲ್ಲಿ ದಾರಿಯಿದೆ. ರಸೀದಿ ಇಟ್ಟುಕೊಂಡಿರಬೇಕು. ರೈಲು ತಪ್ಪಿ ಸಾಗರದವರೆಗೆ ಮಾಡಿಸಿದ ಟ್ಯಾಕ್ಸಿ ಬಿಲ್ಲನ್ನೂ ನಾನು ದೂರಿಗೆ ಸೇರಿಸಿದ್ದೇನೆ. ಇದುವರೆಗೆ ಬಂದಿದ್ದು ಒಂದು ಕೇಸ್ ನಂಬರ್ ಮಾತ್ರ.

ವರ್ಷಾಂತಿಕದ ಹಿಂದಿನ ದಿನ ಮಧ್ಯಾಹ್ನ ಮನೆ ಮುಟ್ಟಿದೆವು. ಅಮ್ಮನ ಕಾಲು ಊದಿಕೊಂಡಿತ್ತು. ಮರುದಿನ ಬೆಳಿಗ್ಗೆ ಐದಕ್ಕೇ ಎದ್ದು ಸ್ನಾನ ಮಾಡಿ, ಮಡಿ ಉಟ್ಟು, ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಎಲ್ಲರಿಗೂ ಅದು ಇಲ್ಲಿದೆ, ಇದು ಅಲ್ಲಿದೆ ಅಂತ ಹೇಳುತ್ತಿದ್ದಳು.

18ಕ್ಕೆ ನನ್ನ ವಾಪಸ್ ಪ್ರಯಾಣ. ಅದೇ ಏರ್‌ಲೈನ್, ಅದೇ ನಿಲ್ದಾಣ. ಬದಲಿಸಿದರೆ ದುಡ್ಡು ವಾಪಸ್ ಬರುವುದಿಲ್ಲ. ಬಿಸಿ ನೀರು ತಂದುಕೊಟ್ಟ ಹುಡುಗನ ಹೆಸರು ನಾನು ಕೇಳಿರಲಿಲ್ಲ. ಅದಕ್ಕೆ ಅಮ್ಮನ ಹತ್ತಿರ ದಿನಾ ಬೈಸಿಕೊಳ್ಳುತ್ತಿದ್ದೇನೆ. ನಿನ್ನೆ ಕೋಡುಬಳೆ ಕರಿದು ಡಬ್ಬಿಗೆ ತುಂಬಿಟ್ಟಿದ್ದಾಳೆ. "ವೀಲ್‌ಚೇರ್ ಇಡೋ ಜಾಗದಲ್ಲಿ ವಿಚಾರಿಸು, ಸಿಗ್ತಾನೆ" ಅಂದಿದ್ದಾಳೆ.